ಕರದಂಟಿನ ಡಬ್ಬಿಯ ಎಂಟನೇ ನಟ್ಟು

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಎರಡು ಬ್ಲೌಸಿಗೆ ಹುಕ್ಕು, ಒಂದು ಸೀರೆಗೆ ಫಾಲ್. ಹತ್ತರ ಬಸ್ಸಿಗೆ ಘಟಪ್ರಭಾದಿಂದ ಕೊಣ್ಣೂರ. ರಾವಸಾಹೇಬ ಕಾಕಾರ ಹೊಲದ ಶೆಡ್ಡು. ವಾರ್ಷಿಕ ತಪಾಸಣೆಗೆ ವಿಮಾನ ಬಿಚ್ಚುವ ಕೆಲಸ ಶುರು.

ಆರು ವರ್ಷ ಕೂತು ಕಾಕಾ ತಮ್ಮ ಕೈಯಿಂದಲೇ ಕಟ್ಟಿದ್ದು. ಎರಡು ಸೀಟು. ಕಟ್ಟಿಗೆಯ ಹಂದರ, ಮೇಲೆ ಬಟ್ಟೆ. ಇಂಜಿನ್ ನೋಡಿಕೊಳ್ಳುವುದು ಶಮಶೇರ. (ಮನೆಯಲ್ಲಿ ಗಂಡನ ಹೆಸರು ಹಿಡಿದು ಕರೆಯುವಂತಿಲ್ಲ. ಇಲ್ಲಿ ಯಾರ ಹಂಗು? ಶಮಶೇರ, ಶಮಶೇರ.) ಎರಡೂ ರೆಕ್ಕೆಯ ಬಟ್ಟೆ ಹೊಲಿದವಳು ನಾನು, ಹೋದ ವರ್ಷ. ಊರವರು ನಕ್ಕಿದ್ದರು. ಒಂಬತ್ತು ಸಲ ಹಾರಿದ ಮೇಲೆ ನಗುವುದು ನಿಂತಿತು.

ಈ ವರ್ಷ ಬಲ ರೆಕ್ಕೆ ಕಳಚಿದ್ದಾರೆ. ಎಡದ್ದು ಮುಂದಿನ ವರ್ಷ. ಬಿಚ್ಚಿದ ಸಣ್ಣ ಸಾಮಾನಿನ ಜವಾಬ್ದಾರಿ ನನ್ನದು — ಗಂಡಸರಿಬ್ಬರೂ ನಟ್ಟು ಬೋಲ್ಟು ಅಂಗಿ ಜೇಬಿಗೆ ಹಾಕಿಕೊಂಡು ಮರೆಯುವ ಪೈಕಿ. ಕಾಕಾರ ಹೆಂಡತಿ ರಾಜಮತಿ ಕಾಕಿ ಗೋಕಾಕದ ಕರದಂಟಿನ ಖಾಲಿ ಡಬ್ಬಿ ಹನ್ನೆರಡು ಕೊಟ್ಟರು. ಒಂದು ಭಾಗಕ್ಕೆ ಒಂದು ಡಬ್ಬಿ, ಒಳಗೆ ಚೀಟಿ. ಗಿರಾಕಿಯ ಬಟ್ಟೆಗೆ ಹಚ್ಚುವ ಹಾಗೆಯೇ. 'ಬಲ ರೆಕ್ಕೆ ಒಳಗಿನ ಕಡ್ಡಿ — ಬೋಲ್ಟು ಎಂಟು, ನಟ್ಟು ಎಂಟು, ವಾಷರ್ ಹದಿನಾರು.' ಮೂಡಲಗಿಯಲ್ಲಿ ಅಮ್ಮಿ ಹೊಲಿಗೆಗಿಂತ ಮೊದಲು ಎಣಿಕೆ ಕಲಿಸಿದ್ದಳು. ಮಷೀನ್ ಮುಚ್ಚುವ ಮುಂಚೆ ಸೂಜಿ ಎಣಿಸಬೇಕು.

16ಕ್ಕೆ ಕಾಕಿ ಮೊದಲ ಸಲ ಹಾರುತ್ತಾರೆ. ಹುಕ್ಕೇರಿಯ ತವರುಮನೆ ಮೇಲಿನಿಂದ ನೋಡಬೇಕಂತೆ. ಅದಕ್ಕೊಂದು ಹೊಸ ಬ್ಲೌಸು, ನನ್ನ ಕಡೆಯೇ.

ಫೆಬ್ರವರಿ 5, ಬುಧವಾರ

ಇರುವೆ! ಡಬ್ಬಿಯಲ್ಲಿ ಬೆಲ್ಲದ ಅಂಟು ಉಳಿದಿತ್ತು. ಒರೆಸಿದ್ದೆ, ಸಾಲಲಿಲ್ಲ. ಶಮಶೇರ ಸ್ಪ್ರೇ ತಂದ. ಕಾಕಾ ಜೈನರು, ನೆಲ ನೋಡಿಕೊಂಡೇ ಕಾಲಿಡುವವರು.

"ಹೊಡೀಬ್ಯಾಡೋ ಶಮಶೇರ. ತಾವ ಹೋಗತಾವ."

"ಯಾವಾಗರಿ ಕಾಕಾ? ಬೆಲ್ಲಾ ಮುಗದ ಮ್ಯಾಲೇನು?"

ಮದುವೆ ಬ್ಲೌಸು ಕೊಡುವುದಿತ್ತು. ನಾನು ಬೇಗ ಹೊರಟೆ.

ಫೆಬ್ರವರಿ 6, ಗುರುವಾರ

ಬೋಲ್ಟು ಎಂಟು. ವಾಷರ್ ಹದಿನಾರು. ನಟ್ಟು ಏಳು. ಮೂರು ಸಲ ಎಣಿಸಿದೆ. ಏಳೇ.

"ಏಳ ಇದ್ದಿರಬೇಕ. ನೀ ಎಂಟ ಬರದಿ," ಎಂದ ಶಮಶೇರ.

"ಹಂಗಾರ ಎಂಟನೇ ಬೋಲ್ಟ ಹ್ವಾದ ವರ್ಷ ಬರಿಗಾಲಲೇ ಹಾರಿತ್ತೇನ್ರಿ?"

"ಇರಲಿ ಬಿಡ. ಬ್ಯಾರೇದ ಹಾಕೂನು."

"ಬ್ಯಾರೇದ ಹಾಕೂದ ಆಮ್ಯಾಲ. ಕಳದದ್ದ ಎಲ್ಲೈತಿ ಮದ್ಲ ಹೇಳ್ರಿ."

ಸಿಟ್ಟು ಬಂತು. ನಟ್ಟಿಗಲ್ಲ, ಅವನ ಉಡಾಫೆಗೆ. ರೆಕ್ಕೆಯ ಕೆಳಗೆ ಕೈ ಹೋಗುವಷ್ಟು ತೂತಿದೆ. ಅದರೊಳಗೆ ಬಿದ್ದಿದ್ದರೆ? ಒಳಗಿನ ಕಡ್ಡಿ ಆಡಿದರೇ ವಿಮಾನ ಹೊರಳುವುದು. ನಟ್ಟು ಅದರ ಸಂದಿಗೆ ಸಿಕ್ಕರೆ ಮೇಲೆ ಹೋದವರು ಬೇಕಾದ ಕಡೆ ತಿರುಗುವಂತಿಲ್ಲ. ಪಕ್ಕದ ಸೀಟಿನಲ್ಲಿ ಕಾಕಿ... 

ಫೆಬ್ರವರಿ 7, ಶುಕ್ರವಾರ

ಇಡೀ ಶೆಡ್ಡು ಗುಡಿಸಿದೆವು. ಕೋಲಿಗೆ ಮ್ಯಾಗ್ನೆಟ್ ಕಟ್ಟಿ ತೂತಿನೊಳಗೆ ಆಡಿಸಿದೆವು. ಕೋಲು ಹೋದಷ್ಟು ದೂರ ಏನೂ ಇಲ್ಲ. ಶಮಶೇರ ಜುಮ್ಮಾ ನಮಾಜು ಮುಗಿಸಿ ಬಂದ ಮೇಲೆ ಮೂವರೂ ಸೇರಿ ರೆಕ್ಕೆ ಎತ್ತಿ ಅಲ್ಲಾಡಿಸಿದೆವು.

ಕಿಣ್. ಸಣ್ಣ ಸದ್ದು. ಮತ್ತೊಮ್ಮೆ — ಕಿಣ್.

"ಆ ಸಪ್ಪಳಾ ಮದ್ಲಿಂದೂ ಐತಿ," ಎಂದರು ಕಾಕಾ. "ಯಾವದರ ತಂತಿ ಇರಬೇಕ."

"ತಂತಿ ಇದ್ರ ತೋರಸ್ರಿ, ನಟ್ಟ ಇದ್ರ ತಗೀರಿ. ಬಟ್ಟಿ ನಾ ಹೊಲದದ್ದು. ನಾನ ಕೊಯ್ತೇನಿ."

ಹನ್ನೊಂದು ದಿನದ ಹೊಲಿಗೆ. ಬಾಯಿ ಹೇಳಿಬಿಟ್ಟಿತು.

ಫೆಬ್ರವರಿ 8, ಶನಿವಾರ

ಬ್ಲೇಡು ಹಾಕಿದೆ. ಒಂದು ಗೇಣು ಕೊಯ್ದೆ. ಗಂಡಸರ ಕೈ ಹಿಡಿಸಲಿಲ್ಲ, ನನ್ನದೇ ಹೋಯಿತು. ಕಡ್ಡಿಯ ಬುಡದಲ್ಲಿ ಬೆರಳಿಗೆ ತಣ್ಣಗೆ ಏನೋ ತಾಕಿತು. ನಟ್ಟಲ್ಲ. ಉದ್ದ. ಡೊಂಕು.

ನನ್ನ ಸೂಜಿ. ರೆಕ್ಕೆಯ ಅಂಚು ಹೊಲಿಯಲೆಂದೇ ತರಿಸಿದ್ದ ಡೊಂಕು ಸೂಜಿ.

ಮುಷ್ಟಿಯಲ್ಲಿ ಮುಚ್ಚಿಕೊಂಡು ಕೈ ತೆಗೆದೆ. "ನಟ್ಟ ಇಲ್ಲರಿ ಕಾಕಾ," ಎಂದೆ. ಅದು ಸುಳ್ಳಲ್ಲ.

ಅವಲಕ್ಕಿ ತಂದ ಕಾಕಿ ಬಾಗಿಲಲ್ಲೇ ನಿಂತು ಕೇಳಿದರು, "ಬುಧವಾರ ಇರಿವಿ ಝಾಡಿಸಾಕ ಡಬ್ಬಿ ಎಲ್ಲಿಗಿ ಒಯ್ದಿದ್ರಿ ನೀವು?"

ಕಾಕಾರ ಮುಖ ನೋಡುವ ಹಾಗಿತ್ತು. ಇರುವೆಗೆ ಪೆಟ್ಟಾಗಬಾರದೆಂದು ಡಬ್ಬಿಯನ್ನು ಬೇಲಿಯ ಬುಡಕ್ಕೆ ಒಯ್ದು, ಓರೆ ಮಾಡಿ ಮೆಲ್ಲಗೆ ತಟ್ಟಿದ್ದರಂತೆ. ಮ್ಯಾಗ್ನೆಟ್ ತಗೊಂಡು ಓಡಿದೆವು. ಐದು ನಿಮಿಷದಲ್ಲಿ ಹುಲ್ಲಿನೊಳಗೆ ಸಿಕ್ಕಿತು. ಎಂಟನೇ ನಟ್ಟು.

"ತಪ್ಪ ನಂದ ತಂಗಿ," ಎಂದು ಕಾಕಾ ಕೈ ಮುಗಿದರು. "ಇರಿವಿ ಜೀವಾ ಉಳಸಾಕ ಹೋಗಿ ನಿನ್ನ ಹೊಲಿಗಿ ಕೆಡಿಸಿದ್ನಿ. ನಿನ್ನ ಎಣಿಕಿ ಖರೆ ಇತ್ತ."

ಎಲ್ಲರೂ ನಕ್ಕರು. ಶಮಶೇರ ಮಾತ್ರ, "ಹಂಗಾರ ಕಿಣ್ ಅಂದದ್ದೇನ?" ಎಂದ.

"ತಂತಿ," ಎಂದೆ. ಇದು ಸುಳ್ಳು.

ಫೆಬ್ರವರಿ 12, ಬುಧವಾರ

ನಾಲ್ಕು ದಿನ ಬರೆಯಲಿಲ್ಲ. ತೇಪೆ ಹಾಕಿದೆ, ಮೇಲೆ ಮೂರು ಕೈ ಬಣ್ಣ. ರೆಕ್ಕೆ ಕೂಡಿಸಿದರು. ಹೊಲಕ್ಕೆ ಬಂದವರಿಗೆಲ್ಲ ಕಾಕಾ ಡಬ್ಬಿ ತೋರಿಸುತ್ತಾರೆ. "ಎಣಿಸಿದ್ರ ನಮ್ಮ ಜೀನತನಂಗ ಎಣಿಸಬೇಕ." ನಾನು ತಲೆ ಬಗ್ಗಿಸಿ ಗುಂಡಿ ಹಚ್ಚುತ್ತಿದ್ದೆ.

ಹೋದ ವರ್ಷದ ದಿನಚರಿ ತೆಗೆದೆ. ಮಾರ್ಚ್ 14. 'ಹೊಲಿಗೆ ಮುಗಿಯಿತು. ಸೂಜಿ ಎಲ್ಲ ಸರಿ.' ಎಣಿಸಿದ್ದು ನೆನಪಿಲ್ಲ. ಬರೆದದ್ದು ಮಾತ್ರ ಇದೆ. ನಾಚಿಕೆಯಾಗುತ್ತದೆ. ಒಂಬತ್ತು ಸಲ ಕಾಕಾ ಆ ಸೂಜಿ ಹೊತ್ತು ಹಾರಿದ್ದಾರೆ.

ಫೆಬ್ರವರಿ 15, ಶನಿವಾರ, ಮಧ್ಯಾಹ್ನ 3

ಕಾಕಿ ಬ್ಲೌಸು ಹಾಕಿ ನೋಡಿದರು. ಸರಿ ಕೂತಿತು. ಹುಡುಗಿಯ ಹಾಗೆ ಒಂದು ಸುತ್ತು ತಿರುಗಿದರು.

"ನಾಳೆ ಗಾಳಿಗಿ ಸೆರಗ ಹಾರತೈತೇನ? ಪಿನ್ನ ಹಚ್ಕೊಳ್ಳಲೇನ ಜೀನತ?"

"ಬ್ಯಾಡ್ರಿ ಕಾಕಿ. ವಿಮಾನದಾಗ ಸಣ್ಣ ಸಾಮಾನ ಏನೂ ಬೀಳಬಾರ್ದರಿ..."

ಹೇಳಿದ್ದು ನಾನೇ.  ಅಳತೆ ಪಟ್ಟಿ ಅಲ್ಲೇ ಬಿಟ್ಟು ಶೆಡ್ಡಿಗೆ ಹೋದೆ. ಪರ್ಸಿನಿಂದ ಸೂಜಿ ತೆಗೆದು ಕಾಕಾರ ಅಂಗೈಯಲ್ಲಿಟ್ಟೆ. ಎಲ್ಲ ಹೇಳಿದೆ. ತಂತಿಯ ಸುಳ್ಳೂ. ಶಮಶೇರ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ.

ಕಾಕಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸೂಜಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇವು ಪಾಕೀಟನ್ಯಾಗ ಎಷ್ಟ ಇದ್ದೂ?"

"ಆರು."

"ಈಗ ಮನ್ಯಾಗ ಎಷ್ಟ ಅದಾವ?"

ಗೊತ್ತಿರಲಿಲ್ಲ. ನನಗೆ ಗೊತ್ತಿರಲಿಲ್ಲ.

"ಹೋಗಿ ಎಣಿಸಿ ಬಾ ತಂಗಿ. ಅಲ್ಲೀತನಾ ನಾಳಿಂದು ಇಲ್ಲ."

ಸಂಜೆ 5.20, ಮನೆ

ಪಾಕೀಟು ಗುಂಡಿ ಡಬ್ಬಿಯ ತಳದಲ್ಲಿತ್ತು. ಒಳಗೆ ನಾಲ್ಕು. ಡಬ್ಬಿಯನ್ನು ಚಾದರದ ಮೇಲೆ ಸುರುವಿದೆ. ಮಷೀನಿನ ಡ್ರಾ ನೋಡಿದೆ, ಸೂಜಿ ಚುಚ್ಚಿಡುವ ದಿಂಬು ನೋಡಿದೆ. ನಾಲ್ಕೇ. ಕಾಕಾರ ಕೈಯಲ್ಲಿ ಒಂದು. ಆರನೆಯದೆಲ್ಲಿ?

ಶಮಶೇರ ಹೊರಗೆ ಬೈಕ್ ಚಾಲೂ ಇಟ್ಟುಕೊಂಡು ನಿಂತಿದ್ದಾನೆ.  ಬ್ಲೇಡು ಚೀಲಕ್ಕೆ ಹಾಕಿದೆ. ಎಡ ರೆಕ್ಕೆ—