ಕುಸುಬಿ ಹೂವಿನ ಕಿಟಕಿ

ಫೆಬ್ರವರಿ 9, ಸೋಮವಾರ
ಕುಕ್ಕರ್ ಇಟ್ಟು ಮತ್ತೆ ಪೆನ್ಸಿಲ್ ಹಿಡಿದೆ. ಅಡುಗೆಮನೆ ಕಿಟಕಿಗೆ ಬಣ್ಣದ ಗಾಜಿನ ಪ್ಯಾನೆಲ್ ಮಾಡಬೇಕು. ಎದುರು ಬಿಲ್ಡಿಂಗಿನ ಪೈಪು ನೋಡಿ ನೋಡಿ ಸಾಕಾಗಿದೆ. ಯೂಟ್ಯೂಬಿನಲ್ಲಿ ಕಲಿತಿದ್ದೇನೆ — ತುಂಡುಗಳ ಅಂಚಿಗೆ ತಾಮ್ರದ ಟೇಪು, ಮೇಲೆ ಸೋಲ್ಡರ್ ಕರಗಿಸಿ ಬೆಸುಗೆ. ಚಿತ್ರ, ಕುಸುಬಿ ಹೂವು.
"ಹುಚ್ಚ ಹಿಡದೈತೇನ?" ಎನ್ನುತ್ತಿದ್ದ ಗಂಡ ಇವತ್ತು, ಚೌಕಟ್ಟು ತಾನೇ ಮಾಡಿಕೊಡುತ್ತೇನೆ ಅಂದರು. ಕಿಟಕಿ ಕೂರಿಸುವುದೇ ಇವರ ಕಸುಬು. ಆದರೂ... ಏನಿದು ಇಷ್ಟು ಅಕ್ಕರೆ?

ಫೆ. 12
ಇವರು ಅಲ್ಯುಮಿನಿಯಂ ಚೌಕಟ್ಟು ತಂದರು. "ಹೂವು ದೊಡ್ಡದ ತಗೀ, ನಾಗೂ. ಆದ್ರ ಪೂರಾ ಆಗೂತನಕ ಕಿಟಕಿಗೆ ಹಿಡೀಬ್ಯಾಡ, ಗಾಜ ಒಡದೀತು."
ಗಾಜು ಇನ್ನೂ ಕತ್ತರಿಸಿಯೇ ಇಲ್ಲ. ಒಡೆಯುವುದೇನು?

ಫೆ. 13, ಮಧ್ಯಾಹ್ನ
ಚೌಕಟ್ಟನ್ನು ಕಿಟಕಿಗೆ ಹಿಡಿದೇಬಿಟ್ಟೆ. ಒಂದು ಗೇಣು ಅಗಲ ಜಾಸ್ತಿ!
ಇವರಿಗೆ ಫೋನ್ ಮಾಡಿದರೆ, "ಅಳತಿ ಟೇಪ್ ಜಾರಿರಬೇಕು ಬಿಡು."
ಸುಳ್ಳು. ಎಲ್ಲಿ ಕೂರಬೇಕೋ ಅಲ್ಲಿ ಒಮ್ಮೆ ಕೂರಿಸಿ ನೋಡದೆ ಇವರು ಯಾವ ಚೌಕಟ್ಟನ್ನೂ ಮುಗಿಸುವವರಲ್ಲ. ಇದರ ಅಂಚಿಗೆ ಹೊಸ ಗೋಡೆಗೆ ಮೆತ್ತುವ ಬಿಳಿ ಪುಟ್ಟಿ ಅಂಟಿದೆ, ಇನ್ನೂ ಹಸಿ. ಒಂದು ಮೂಲೆ ಉಜ್ಜಿ ಸರಿ ಮಾಡಿದ್ದಾರೆ. ಅಂದರೆ ಎಲ್ಲೋ ಕೂರಿಸಿ ನೋಡಿದ್ದಾರೆ. ನಮ್ಮ ಕಿಟಕಿ ಪುಟ್ಟಿ ಕಂಡು ಯಾವ ಕಾಲವಾಯಿತು!
ಯಾರ ಮನೆಯ ಕಿಟಕಿ? ಯಾವಳದು?

ಫೆ. 17
ಮೂರು ದಿನ ಏನೂ ಬರೆಯಲಿಲ್ಲ. ಇವರ ಅಂಗಿ ಮೂಸಿದೆ, ಫೋನ್ ನೋಡಿದೆ. ನಾಚಿಕೆಯಾಯಿತು. ಏನೂ ಸಿಗಲಿಲ್ಲ.
ಇವತ್ತು ಪಕ್ಕದ ಮನೆಯ ಗುರುಬಾಯಿ ಕೇಳಿದಳು: "ರೂಮ್ ಮಾರತೀರಂತಲ್ಲವಾ? ನೀ ಇಲ್ಲದಾಗ ನಿನ್ನ ಗಂಡ ಧರ್ಮಣ್ಣ ಏಜಂಟನ್ನ ಕರಕೊಂಡ ಬಂದಿದ್ದ."
ಈ ರೂಮು, ನಾವಿರುವ ಈ ಮನೆ, ಅವ್ವ ನನ್ನ ಹೆಸರಿಗೆ ಬಿಟ್ಟುಹೋದದ್ದು. ನನ್ನ ಸಹಿ ಇಲ್ಲದೆ ಮಾರಲಿಕ್ಕಾಗದು.

ಫೆ. 18
ಕೇಳಿದೆ. ತಟ್ಟೆ ನೋಡುತ್ತ ಹೇಳಿದರು:
"ದೂರ ನೈಗಾಂವ್ ಕಡೆ ಫ್ಲ್ಯಾಟ್ ನೋಡೀನಿ. ಆ ಚೌಕಟ್ಟ ಅಲ್ಲೀ ಕಿಟಕೀದು. ಕೇಳಿದ್ರ ನೀ ಈ ಆಂಟಾಪ್ ಹಿಲ್ ಬಿಡಾಕಿ ಅಲ್ಲ. ನಿನ್ನ ಗಾಜು ಅಲ್ಲಿ ಕುಂತ್ರ, ನಿನ್ನ ಮನಸ್ಸೂ ಅಲ್ಲೇ ಕುಂತೀತು ಅಂತ..."
ಇನ್ನೊಬ್ಬಳು ಇದ್ದಿದ್ದರೆ ಬಾಯಿ ತುಂಬ ಬೈದು ಹಗುರಾಗುತ್ತಿದ್ದೆ. ನನ್ನ ಹೂವನ್ನೇ ಮುಂದಿಟ್ಟು ನನ್ನನ್ನು ಸಾಗಿಸಲು ನೋಡಿದರು. ಅಳು ಬಂತು. ಇವರ ಮುಂದೆ ಅಳಲಿಲ್ಲ.

ಫೆ. 21
ಹೂವನ್ನು ಸಣ್ಣದು ಮಾಡಿ ಬರೆದೆ. ನಮ್ಮ ಕಿಟಕಿಗೆ ಬೇರೆ ಚೌಕಟ್ಟು ಮಾಡಿಕೊಡಿ ಎಂದೆ.
"ಇದು ಅಲ್ಲಿಗೆ ಸಣ್ಣದಾಗತೈತಿ, ನಾಗೂ."
"ಆಗಲಿ ಬಿಡ್ರೀ. ಸಹಿ ಹಾಕಂಗಿಲ್ಲ ನಾ."
ಇವರು ಅಳತೆ ಟೇಪು ತೆಗೆದು, ನನ್ನ ಕಣ್ಣೆದುರಿಗೇ ಕಿಟಕಿಗೆ ಹಿಡಿದು, ಅಳತೆ ಜೋರಾಗಿ ಹೇಳಿದರು. ಬರೆದುಕೊಂಡೆ.
ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಬಾಗಿಲು ಹಾಕಿಕೊಂಡು, ಸ್ಟೂಲ್ ಹತ್ತಿ, ನಾನೇ ಟೇಪು ಹಿಡಿದು, ಇವರು ಹೇಳಿದ ಅಳತೆಯನ್ನು ಇನ್ನೊಮ್ಮೆ ಅಳೆದು ನೋಡಿದೆ.