ಹಲಗೆಯ ಕೆಳಬದಿ

ಹುಣಸಗಿ
೧೨-೮-೧೯೯೧

ಗುತ್ತೇದಾರ ಸಿದ್ರಾಮಪ್ಪ ಸಾವ್ಕಾರರಿಗೆ ಶರಣು.

ಕಾಲುವೆಯ ಮೇಲಿನ ಹಲಗೆ ಸೇತುವೆ ಮುರಿದದ್ದಕ್ಕೆ ನನ್ನ ಬಡಿಗತನವೇ ಕಾರಣವೆಂದು ಊರೆಲ್ಲ ಹೇಳುತ್ತಿದ್ದೀರಂತೆ. ನೀರು ನಿಲ್ಲಿಸಿದಾಗ ಒಣ ಕಾಲುವೆಗೆ ಇಳಿದು ಹಲಗೆಗಳು ಕೊಳೆಯದಂತೆ ಕೆಳಬದಿಗೂ ಎಣ್ಣೆ ಉಣಿಸುತ್ತೇನೆ, ಎಣ್ಣೆ ಕೊಡಿಸಿ ಎಂದು ಎರಡು ಬೇಸಿಗೆ ನಿಮ್ಮ ಬಾಗಿಲಿಗೆ ಬಂದೆ. ಎರಡೂ ಸಲ ನೀರು ಬಿಟ್ಟ ಮೇಲೆ ಬರೀ ಬಣ್ಣದ ಡಬ್ಬಿ ಕಳಿಸಿದಿರಿ. "ಮ್ಯಾಲಷ್ಟ ಬಳಿಯೋ ಮೋನ್ಯಾ, ಕೆಳಗ ಯಾರ್ ನೋಡ್ತಾರ?" ಎಂದಿರಿ.

ಮೊನ್ನೆ ನನ್ನ ಹೆಂಡತಿ ಕಾಳಮ್ಮ ಹುಲ್ಲಿನ ಹೊರೆ ಸಮೇತ ಕಾಲುವೆಗೆ ಬಿದ್ದು ನೋಡಿದಳು. ಅವಳ ಕೈ ಮುರಿದಿದೆ, ನಾಲಿಗೆ ನೆಟ್ಟಗಿದೆ. ನಾಳೆ ಸಂತೆ ಸೇರುವ ಹೊತ್ತಿಗೆ ನಿಮ್ಮ ಅಂಗಡಿಗೆ ಬರುತ್ತಾಳೆ. ಹಲಗೆಯ ಕೆಳಗೆ ಏನು ಕಂಡಿತೆಂದು ಎಲ್ಲರೆದುರು ಅವಳನ್ನೇ ಕೇಳಿ.

ಇಂತಿ,
ಮೋನಪ್ಪ ಬಡಿಗೇರ