ಅಂಗಡಿ ಮುಂದೆ ನಿಂತ ಬಿಳಿ ಕಾರು

ಮನೆಯಿಂದಲೇ, ಹೊಲಿಗೆ ಮಿಷನ್ನಿನ ಮೇಲೆ ಕಾಗದ ಇಟ್ಟುಕೊಂಡು
ಗುರುವಾರ, ಮಧ್ಯಾಹ್ನ

ನನ್ನ ದೊಡ್ಡೂ,

ಹೇಗಿದ್ದೀಯಪ್ಪಾ? ಆ ಹಾಳು ಕೆಮ್ಮು ಬಿಟ್ಟಿತಾ? ಅಷ್ಟು ಧೂಳಿನ ಊರಲ್ಲಿ ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳೋ ಎಂದರೆ, ಮುಖ ಮುಚ್ಚಿಕೊಂಡವರನ್ನ ಕಂಡ್ರೆ ಇಲ್ಲಿಯವರು ಹೆದರ್ತಾರಮ್ಮ ಎನ್ನುತ್ತೀಯ. ಅವರು ಹೆದರದೇ ಇರಲಿ ಅಂತ ನೀನು ಕೆಮ್ಮಬೇಕು, ನೀನು ಕೆಮ್ಮಿದರೆ ನಾನು ಇಲ್ಲಿ ನಿದ್ದೆಗೆಡಬೇಕು. ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನನ್ನ ಮಂಡಿ ಹೇಗಿತ್ತೋ ಹಾಗೇ ಇದೆ, ಅದರ ಚಿಂತೆ ಬಿಡು. ಶಾಲೆ ಸಮವಸ್ತ್ರದ ಹೊಲಿಗೆ ಬೆಟ್ಟದಷ್ಟು ಬಿದ್ದಿದೆ. ಕಾಲರು ಹೊಲಿಯಬೇಕಾದ ಮಿಷನ್ನಿನ ಮೇಲೆ ನಿನಗೆ ಬರೆಯಲು ಕೂತಿದ್ದೇನೆ ಎಂದರೆ ಏನೋ ಇದೆ ಅಂತ ನಿನಗೆ ಗೊತ್ತಾಗಿರುತ್ತದೆ. ನಿಮ್ಮ ಊರಿನ ಟವರು ಬಿದ್ದ ಮೇಲೆ ಫೋನಂತೂ ಇಲ್ಲ. ಇಲ್ಲಿರುವ ನಿನ್ನ ಆಫೀಸಿಗೆ ಹೋಗಿ ಉಪಗ್ರಹದ ಫೋನಿನಲ್ಲಿ ಮಾತಾಡಬಹುದಿತ್ತು, ಆದರೆ ಅಲ್ಲಿ ನಾಲ್ಕು ಜನರ ನಡುವೆ ನಿಂತು ಹೇಳುವ ಮಾತಲ್ಲ ಇದು. ಆ ಆಫೀಸಿನ ಡ್ರೈವರ್ ಸಂಜೆ ತನ್ನ ಸ್ಕೂಟರಿನಲ್ಲಿ ಬಂದು ಇದನ್ನು ತೆಗೆದುಕೊಂಡು ಹೋಗುತ್ತಾನೆ, ನಾಳೆ ನಿಮ್ಮ ಊರಿಗೆ ಬರುವ ವಿಮಾನದ ಅಂಚೆ ಚೀಲಕ್ಕೆ ಹಾಕುತ್ತಾನೆ. ಅದೇ ವಿಮಾನ ಶನಿವಾರ ಇತ್ತ ಬರುತ್ತದಂತೆ. ಅದನ್ನು ಅವನ ಹತ್ತಿರ ಎರಡು ಸಲ ಕೇಳಿ ಗಟ್ಟಿ ಮಾಡಿಕೊಂಡಿದ್ದೇನೆ.

ಮಗ ಏನು ಕೆಲಸ ಮಾಡ್ತಾನೆ ಅಂತ ಬಟ್ಟೆ ಕೊಡಲು ಬಂದವರು ಕೇಳಿದಾಗಲೆಲ್ಲ ನಾನು ತಡವರಿಸುತ್ತೇನೆ, ನಿನಗೇ ಗೊತ್ತು. ಡಾಕ್ಟರೂ ಅಲ್ಲ, ಪೊಲೀಸೂ ಅಲ್ಲ. ಗುಂಡಿನ ಸದ್ದು ನಿಂತ ಊರಿಗೆ ಹೋಗಿ, ಸಂತೆ ಮತ್ತೆ ತೆರೆಸಿ, ಬೀದಿ ದೀಪ ಹಾಕಿಸಿ, ಪೊಲೀಸರನ್ನೂ ಕೆಲಸವಿಲ್ಲದ ಹುಡುಗರನ್ನೂ ಒಂದೇ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿ ಟೀ ಕುಡಿಸುವ ಕೆಲಸ ಎಂದರೆ, ಅದಕ್ಕೂ ಸಂಬಳ ಕೊಡ್ತಾರಾ ಎಂದು ನಗುತ್ತಾರೆ. ಹುಡುಗ ಬಂದೂಕು ಹಿಡಿಯೋಕೆ ಮುಂಚೆ ಅವನ ಜೊತೆ ಯಾರಾದ್ರೂ ಕೂತು ಮಾತಾಡಿದ್ರೆ ಅರ್ಧ ಕೆಲಸ ಆದಂಗೇ ಎಂದು ನೀನು ಹೇಳಿದ್ದು ಮಾತ್ರ ನನಗೆ ಚೆನ್ನಾಗಿ ಅರ್ಥವಾಗಿತ್ತು. ನನ್ನ ಮಗ ದೊಡ್ಡ ಕೆಲಸದಲ್ಲಿದ್ದಾನೆ ಅಂತ ಹೆಮ್ಮೆಪಟ್ಟಿದ್ದೆ. ಈಗಲೂ ಪಡುತ್ತೇನೋ ಇಲ್ಲವೋ, ಈ ವಾರ ನನಗೇ ತಿಳಿಯುತ್ತಿಲ್ಲ.

ವಿಷಯ ಚಿಕ್ಕೂದು. ನಿನ್ನ ತಮ್ಮ ಒಳ್ಳೆಯವನಾಗಿಬಿಟ್ಟಿದ್ದಾನೆ ಕಣೋ. ನಗಬೇಡ. ಬೆಳಿಗ್ಗೆ ನಾನು ಏಳುವ ಮುಂಚೆ ಎದ್ದು ನೀರು ಹಿಡಿದಿಡುತ್ತಾನೆ. ಸಿಗರೇಟು ಬಿಟ್ಟ. ಕೆಳಗಿನ ಮೆಟ್ಟಿಲ ಮೇಲೆ ಕೂತು ಹಾಳುಹರಟೆ ಹೊಡೆಯುತ್ತಿದ್ದ ಗೆಳೆಯರನ್ನೆಲ್ಲ ಬಿಟ್ಟ. ಮೂಗಿನ ಮೇಲೆ ಕೋಪ ಇರುತ್ತಿದ್ದ ಹುಡುಗ, ಈಗ ಏನು ಅಂದರೂ ಆಯ್ತಮ್ಮ ಎನ್ನುತ್ತಾನೆ. ಮೊದಮೊದಲು ಹೊಟ್ಟೆಗೆ ಹಾಲೆರೆದ ಹಾಗಾಯಿತು. ಮೊಬೈಲ್ ರಿಪೇರಿ ಅಂಗಡಿಗೆ ಹೋಗುವುದು ನಿಂತಿತ್ತು, ಕೇಳಿದರೆ ವ್ಯಾಪಾರ ಇಲ್ಲ, ಮಾಲೀಕರು ಸ್ವಲ್ಪ ದಿನ ಬಿಟ್ಟು ಬಾ ಅಂದಿದ್ದಾರೆ ಎಂದ. ನಂಬಿದೆ. ಆಮೇಲೆ ಇಬ್ಬರು ಹೊಸ ಸ್ನೇಹಿತರು ಬರತೊಡಗಿದರು. ನಿನಗಿಂತ ಸ್ವಲ್ಪ ಚಿಕ್ಕವರು, ಇಸ್ತ್ರಿ ಮಾಡಿದ ಅಂಗಿ, ಮೆಲ್ಲಗೆ ಮಾತು. ಒಳಗೆ ಬಂದರೆ ಮೊದಲು ನನ್ನ ಆರೋಗ್ಯ ಕೇಳುತ್ತಾರೆ, ಟೀ ಕುಡಿದು ಲೋಟ ತಾವೇ ತೊಳೆದಿಡುತ್ತಾರೆ. ನೀವಿಬ್ಬರೂ ಹುಟ್ಟಿದಾಗಿನಿಂದ ಒಂದು ಲೋಟ ತೊಳೆದಿಟ್ಟದ್ದು ನಾನು ಕಾಣೆ. ಅವರು ಬಾಗಿಲು ಹಾಕಿಕೊಂಡು ಕೂರುತ್ತಾರೆ, ನಾನು ಮಿಷನ್ ತುಳಿಯುವುದನ್ನು ನಿಲ್ಲಿಸಿದರೆ ಅವರ ಮಾತೂ ನಿಲ್ಲುತ್ತದೆ. ಪುಂಡರ ಹಾಗಿದ್ದಿದ್ದರೆ ಪೊರಕೆ ತೆಗೆದುಕೊಂಡು ಓಡಿಸುತ್ತಿದ್ದೆ. ಇಷ್ಟು ಮರ್ಯಾದೆಯವರನ್ನು ಏನೆಂದು ಓಡಿಸಲಿ?

ಹೀಗಿರುವಾಗ ಈ ಸೋಮವಾರ ನಿನ್ನ ಆಫೀಸಿನವಳೇ ಅಂತೆ, ಒಬ್ಬ ಹೆಣ್ಣುಮಗಳು ಬಂದಳು. ಒಳ್ಳೆಯ ಹುಡುಗಿ, ಮಾತು ಬೆಣ್ಣೆ. ಚಿಕ್ಕು ಒಳಕೋಣೆಯಲ್ಲಿ ಮಲಗಿದ್ದ. ಅವಳು ನನ್ನ ಎದುರಿಗೆ ಕೂತು, ಮನೇಲಿ ಯಾರಾದ್ರೂ ಈಚೆಗೆ ಬದಲಾಗಿದ್ದಾರಾ ಅಮ್ಮಾ, ಹಳೇ ಸ್ನೇಹಿತರನ್ನ ಬಿಟ್ಟು ಬರೀ ಹೊಸಬರ ಜೊತೆ ಇರೋದು, ನೆಂಟರ ಮದುವೆಗೂ ಬರದೇ ಇರೋದು, ಹಾಡು ಗೀಡು ನಿಲ್ಲಿಸೋದು, ಯಾವಾಗ ನೋಡಿದ್ರೂ ಒಂದೇ ವಿಷಯ ಮಾತಾಡೋದು, ನಾವು ಹೋಗದಿದ್ರೆ ಲೋಕ ಕೆಟ್ಟುಹೋಗುತ್ತೆ ಅನ್ನೋದು, ಹಾಗೆ ಯಾರಾದ್ರೂ, ಎಂದು ಕೇಳಿದಳು. ಅಯ್ಯೋ ಇದ್ದಾನಲ್ಲಮ್ಮಾ, ನನ್ನ ದೊಡ್ಡ ಮಗ, ಎಂದುಬಿಟ್ಟೆ. ನಿನ್ನಾಣೆ, ತಮಾಷೆಗಲ್ಲ. ಅವಳು ಕೇಳಿದ್ದಕ್ಕೆಲ್ಲ ನೀನೇ ಕಣ್ಣ ಮುಂದೆ ಬಂದೆ. ಚಿಕ್ಕಮ್ಮನ ಮಗಳ ಮದುವೆಗೆ ಬರಲಿಲ್ಲ ಎಂದೆ, ಸ್ನಾನದ ಮನೆ ಕಿತ್ತುಹೋಗುವ ಹಾಗೆ ಹಾಡುತ್ತಿದ್ದವನು ಈಗ ತುಟಿ ಬಿಚ್ಚಲ್ಲ ಎಂದೆ. ಹುಡುಗಿ ಬೆಪ್ಪಾಗಿ ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ಅವರಲ್ಲಮ್ಮ, ಚಿಕ್ಕವರು, ಅವರ ಬಗ್ಗೆ ಸ್ವಲ್ಪ ಗಮನ ಇಡಿ ಅಂತ ನಮಗೆ ಹೇಳಿದ್ದೇ ನಿಮ್ಮ ದೊಡ್ಡ ಮಗ, ಎಂದಳು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಗಮನ ಅಂದರೆ ಏನಮ್ಮಾ ಎಂದೆ. ಅವಳೇ ಬಿಡಿಸಿ ಹೇಳಿದಳು. ಹೋದ ರಜೆಗೆ ಬಂದಿದ್ದಾಗ ನೀನು ನಿನ್ನ ತಮ್ಮನ ಹೆಸರನ್ನು ಇಲ್ಲಿಯ ಆಫೀಸಿನ ಗೆಳೆಯನಿಗೆ ಕೊಟ್ಟೆಯಂತೆ. ದಾರಿ ತಪ್ಪಬಹುದಾದ ಹುಡುಗರನ್ನು ಮುಂಚೆಯೇ ಕರೆದು ಮಾತಾಡಿಸುವ ತರಬೇತಿ ಒಂದು ಇದೆಯಲ್ಲ, ಅದಕ್ಕೆ. ಪ್ರೀತಿಯಿಂದಲೇ ಕೊಟ್ಟಿದ್ದೀಯ, ಅದನ್ನೂ ಅವಳು ಹೇಳಿದಳು. ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆಗೆದುಕೊಂಡು ಚಿಕ್ಕು ಬಂದ. ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಎದುರು ಕೂತು, ಕೇಳಿ ಮೇಡಂ, ನಾನೇ ಹೇಳ್ತೀನಿ, ಏನು ಬರ್ಕೋಬೇಕೋ ಬರ್ಕೊಳ್ಳಿ, ಎಂದ. ಆ ಹುಡುಗಿ ಪಾಪ, ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದಳು.

ನನಗೆ ಆ ರಜೆಯ ಭಾನುವಾರದ ಊಟದ ಹೊತ್ತು ನೆನಪಾಯಿತು. ಚಿಕ್ಕು ಫೋನಿನಲ್ಲಿ ಯುದ್ಧದ ವಿಡಿಯೋ ನೋಡಿ ಕೆಂಡವಾಗಿದ್ದ. ದೊಡ್ಡ ದೊಡ್ಡವರು ಊರು ಮುರೀತಾರೆ, ಆಮೇಲೆ ನಿಮ್ಮಂಥವರನ್ನ ಕಳಿಸಿ ಕುರ್ಚಿ ಹಾಕಿಸಿ ಟೀ ಕೊಡಿಸ್ತಾರೆ, ಮುರಿದವರನ್ನ ಯಾರೂ ಕೇಳಲ್ಲ, ಅವರಿಗೂ ಒಂದು ಸಲ ಬಿಸಿ ಮುಟ್ಟಿಸಬೇಕು, ಎಂದು ತಟ್ಟೆ ಕುಟ್ಟಿದ. ಬೇರೆ ದಿನವಾಗಿದ್ದರೆ ನೀನು ಅವನ ತಲೆಗೊಂದು ಮೊಟಕಿ, ಬಾಯಿ ಮುಚ್ಚಿ ಉಣ್ಣೋ ಎನ್ನುತ್ತಿದ್ದೆ. ಅವತ್ತು ಒಂದು ಮಾತೂ ಅಡ್ಡ ಹಾಕಲಿಲ್ಲ. ಹೌದಾ, ಆಮೇಲೆ, ಹಾಗೆ ಅನಿಸೋಕೆ ಶುರುವಾಗಿದ್ದು ಯಾವಾಗ, ಇದನ್ನ ಇನ್ಯಾರ ಹತ್ರ ಮಾತಾಡ್ತೀಯ, ಎಂದು ಎಷ್ಟು ಮೃದುವಾಗಿ ಕೇಳಿದೆ. ನಾನು ಒಲೆಯ ಹತ್ತಿರ ನಿಂತು ಕಣ್ಣೊರೆಸಿಕೊಂಡೆ ಕಣೋ, ಅಣ್ಣತಮ್ಮ ಮೊದಲ ಸಲ ಕಚ್ಚಾಡದೆ ಮಾತಾಡುತ್ತಿದ್ದಾರೆ ಅಂತ. ಚಿಕ್ಕೂಗೂ ಹಾಗೇ ಅನಿಸಿತ್ತಂತೆ. ಸೋಮವಾರ ಆ ಹುಡುಗಿ ಹೋದ ಮೇಲೆ ಗೋಡೆ ಕಡೆ ಮುಖ ಮಾಡಿಕೊಂಡು ಹೇಳಿದ: ಅಣ್ಣ ನನ್ನ ಮಾತು ಕೇಳಿಸ್ಕೊತಿದ್ದಾನೆ ಅಂದ್ಕೊಂಡಿದ್ದೆ ಅಮ್ಮ, ಅವನು ಡ್ಯೂಟಿ ಮಾಡ್ತಿದ್ದ.

ಮಾರನೆಯ ದಿನ ಮನಸ್ಸು ತಡೆಯದೆ ಮೊಬೈಲ್ ಅಂಗಡಿಗೆ ಹೋದೆ. ಮಾಲೀಕ ಕೆಟ್ಟವನಲ್ಲ, ನನ್ನನ್ನು ಕಂಡು ಸ್ಟೂಲ್ ಹಾಕಿದ. ನಿನ್ನ ಆಫೀಸಿನ ಬಿಳಿ ಕಾರು, ಬಾಗಿಲ ಮೇಲೆ ಅಷ್ಟು ದೊಡ್ಡ ಗುರುತು ಇರುವುದು, ಮತ್ತೆ ಮತ್ತೆ ಅಂಗಡಿ ಮುಂದೆ ಬಂದು ನಿಂತಿತಂತೆ. ಚಿಕ್ಕುವನ್ನು ತರಬೇತಿಗೆ ಕರೆಯಲು. ಬೀದಿಗೆಲ್ಲ ಗೊತ್ತು ಆ ಕಾರು ಎಂಥ ಹುಡುಗರನ್ನು ಹುಡುಕಿಕೊಂಡು ಬರುತ್ತದೆ ಅಂತ. ಪಕ್ಕದ ಔಷಧಿ ಅಂಗಡಿಯವನು, ಯಾರನ್ನ ಇಟ್ಕೊಂಡಿದ್ದೀಯಪ್ಪಾ ಎಂದು ಕೇಳಿದನಂತೆ. ಮಕ್ಕಳೊಂದಿಗ ನಾನು, ಪೊಲೀಸು ಗಿಲೀಸು ನನಗೆ ಬೇಡಮ್ಮ, ಎಂದು ಮಾಲೀಕ ಕೈ ಮುಗಿದ. ಮೆಟ್ಟಿಲ ಗೆಳೆಯರನ್ನು ನನ್ನ ಮಗ ಬಿಟ್ಟಿರಲಿಲ್ಲ ಕಣೋ, ಅವರೇ ಇವನನ್ನು ಬಿಟ್ಟಿದ್ದರು. ಕಾರು ಬಂದ ಮೇಲೂ ಇವನ ಪಕ್ಕ ಕೂತವರು ಆ ಲೋಟ ತೊಳೆಯುವ ಇಬ್ಬರೇ. ಇದು ನಿನ್ನ ಕೆಲಸದವರಿಗೆ ಮಾತ್ರ ಸಾಧ್ಯವಾದ ತಪ್ಪು. ಹುಡುಗ ಕೆಡಬಾರದು ಅಂತ ಹೊರಟು, ಕೆಟ್ಟಿದ್ದಾನೆ ಅಂತ ಬೀದಿಗೆಲ್ಲ ಸಾರಿ ಬಂದಿದ್ದೀರಿ. ಬೈಯುತ್ತಿದ್ದೇನೆ, ಹೌದು. ಬೈಯಿಸಿಕೋ.

ಈಗ ಅವರಿಬ್ಬರೂ ಇವನಿಗೆ ಬೇರೆ ಊರಿನಲ್ಲಿ ಕೆಲಸ ಇದೆ ಎಂದಿದ್ದಾರೆ. ಮೊದಲು ತರಬೇತಿಯಂತೆ, ಅಲ್ಲಿ ಫೋನು ಇರುವುದಿಲ್ಲವಂತೆ. ಭಾನುವಾರ ಬೆಳಗಿನ ಬಸ್ಸು. ಎಂಥ ಕೆಲಸವೋ ಎಂದರೆ, ಜನಕ್ಕೆ ಒಳ್ಳೆಯದಾಗೋ ಕೆಲಸ ಎನ್ನುತ್ತಾನೆ. ಎಲ್ಲಿ ಎಂದರೆ, ಹೋದ ಮೇಲೆ ತಿಳಿಯುತ್ತೆ ಎನ್ನುತ್ತಾನೆ. ಆದರೆ ನೀನು ಮೊದಲ ಸಲ ಹೊರಟಾಗ ಹೇಳಿದ್ದೂ ಇವೇ ಮಾತು ಅಲ್ಲವೇನೋ? ಅವತ್ತು ನಾನು ನಿನ್ನ ಅಂಗಿಗಳಿಗೆ ಗುಂಡಿ ಹೊಲಿದು ಕಳಿಸಿದೆ. ಇವತ್ತು ಇವನ ಅಂಗಿ ತೊಡೆಯ ಮೇಲಿದೆ, ಸೂಜಿಗೆ ದಾರ ಪೋಣಿಸಲು ಕೈ ಬರುತ್ತಿಲ್ಲ. ಅವರು ನಿಜವಾಗಿಯೂ ಒಳ್ಳೆಯವರೇ ಆಗಿದ್ದರೆ? ಅಲ್ಲದಿದ್ದರೆ? ಪೊಲೀಸರಿಗೆ ಹೇಳಿದರೆ ಅವನ ಮೇಲೆ ಬಿದ್ದ ಮುದ್ರೆ ಇನ್ನೂ ಗಟ್ಟಿಯಾಗುತ್ತದೆ. ಆ ಹುಡುಗಿಗೆ ಹೇಳಿದರೆ ತಾಯಿಯೂ ಬರೆಸಿದಳು ಅಂತ ಇವನು ಈ ಹೊಸ್ತಿಲು ಮತ್ತೆ ತುಳಿಯುವುದಿಲ್ಲ. ಸುಮ್ಮನಿದ್ದರೆ ಭಾನುವಾರ ಬಂದೇ ಬರುತ್ತದೆ. ನೀನು ಹೇಳಿಕೊಟ್ಟಿದ್ದನ್ನೂ ಮಾಡಿ ನೋಡಿದೆ. ಎದುರಾಡದೆ ಟೀ ಕೊಟ್ಟು, ಹೌದಾ, ಆಮೇಲೆ, ಎಂದೆ. ನೀನೂನಾ ಅಮ್ಮ, ಎಂದು ಲೋಟ ಕೆಳಗಿಟ್ಟು ಹೋದ. ಅಷ್ಟು ಜನ ಅಪರಿಚಿತ ಹುಡುಗರ ಮನಸ್ಸು ತಿರುಗಿಸಿದವನು ನೀನು. ನನ್ನ ಒಬ್ಬ ಹುಡುಗನಿಗೆ ಏನು ಹೇಳಬೇಕು ಅಂತ ನನಗೆ ಹೇಳಿಕೊಡು. ಇಲ್ಲ, ಬೇಡ, ಹೇಳಿಕೊಡಬೇಡ. ನಾನು ಏನು ಕೇಳುತ್ತಿದ್ದೇನೆ ಅಂತ ನನಗೇ ಗೊತ್ತಾಗುತ್ತಿಲ್ಲ.

ಕೋಪದಲ್ಲಿ ಬರೆದೆ ಅಂತ ಊಟ ಬಿಡಬೇಡ. ನೀನು ತಮ್ಮನಿಗೆ ಕೇಡು ಬಯಸುವವನಲ್ಲ ಅಂತ ನನಗೆ ಗೊತ್ತು. ಗೊತ್ತಿರುವುದರಿಂದಲೇ ಇಷ್ಟು ಸಂಕಟ. ನಿನ್ನ ಜೊತೆ ಕೆಲಸ ಮಾಡುವ ಆ ಊರಿನ ಹುಡುಗರಿಗೂ ಅವರ ತಾಯಂದಿರಿಗೂ ನನ್ನ ನೆನಪು ಹೇಳು. ನೂರು ಕಾಲ ತಣ್ಣಗೆ ಬಾಳು ಮಗನೇ, ಕೆಮ್ಮಿಗೆ ಬಿಸಿನೀರು ಕುಡಿ.

ನಿನ್ನನ್ನು ಬೈದು ಬೈದು ಸುಸ್ತಾದ,
ಅಮ್ಮ

ಮರೆತೆ ಅಂದುಕೊಳ್ಳಬೇಡ, ಇದು ಈಗ ತಾನೇ ಆದದ್ದು. ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಕೂಡಿಸಿಕೊಂಡು ಓದು. ಕಾಗದ ಮಡಿಸುತ್ತಿದ್ದಾಗ ಚಿಕ್ಕು ಅಂಗಿ ಕೇಳಲು ಬಂದ. ಅವನಿಗಾ ಬರೀತಿರೋದು, ಎಂದ. ಹೌದು ಎಂದೆ. ಅಂಗಿ ಕೈಗೆ ತೆಗೆದುಕೊಂಡು ಹೇಳಿದ: ಅವನು ಬಂದು ಅಂಗಡಿ ಮುಂದೆ ನಿಂತು, ಮಾಲೀಕರ ಹತ್ರ, ಆ ಔಷಧಿ ಅಂಗಡಿಯವನಿಗೂ ಕೇಳೋ ಹಾಗೆ, ನನ್ನ ತಮ್ಮ ಅಂಥವನಲ್ಲ, ತಪ್ಪು ನಂದು, ಅಂತ ಒಂದು ಸಲ ಅನ್ನಲಿ, ನಾನು ಎಲ್ಲಿಗೂ ಹೋಗಲ್ಲ. ಹೇಳಿದವನೇ ನಕ್ಕ, ಆದ್ರೆ ಅವನು ಬರಲ್ಲ ಬಿಡು, ಅವನಿಗೆ ಅಲ್ಲಿ ಕೆಲಸ ಇದೆ, ಎಂದ. ಬರ್ತಾನೆ ಕಣೋ, ಶನಿವಾರ ಬರ್ತಾನೆ, ಎಂದು ನಾನು ಮಾತು ಕೊಟ್ಟುಬಿಟ್ಟೆ. ಅವನು ನನ್ನ ಮುಖ ನೋಡಿ, ಕೊನೇ ದಿನಗಳಲ್ಲಿ ಆಸ್ಪತ್ರೇಲಿ ಅಪ್ಪ, ದೊಡ್ಡೂ ಬರ್ತಾನಾ ಅಂತ ಕೇಳ್ದಾಗ್ಲೆಲ್ಲ ನೀನು ಹೀಗೇ ಅಂತಿದ್ದೆ ಅಲ್ವಾ ಅಮ್ಮ, ಎಂದ. ದೊಡ್ಡೂ, ಈ ಸಲ ನನ್ನ ಮಾತು ಸುಳ್ಳು ಮಾಡಬೇಡ.